ಹಿಟ್ಟು ರುಬ್ಬಿದ ಕೈ

ಕನ್ನಡದಲ್ಲಿ ಕೈಗುಣ ಎಂಬ ಚಂದದ ಮಾತೊಂದಿದೆ. ಅದನ್ನು ವೈದ್ಯರ ಬಗ್ಗೆ ಹೇಳುತ್ತೇವೆ, ಅಡುಗೆಯವರ ಬಗ್ಗೆಯೂ ಹೇಳುತ್ತೇವೆ. ಅದೇ ಅಕ್ಕಿ, ಅದೇ ಬೇಳೆ, ಅದೇ ಉಪ್ಪು. ಆದರೂ ಒಬ್ಬರ ಕೈಯಲ್ಲಿ ರುಚಿ ಬರುತ್ತದೆ, ಇನ್ನೊಬ್ಬರ ಕೈಯಲ್ಲಿ ಬರುವುದಿಲ್ಲ. ಈ ಮಾತಿನ ಹಿಂದೆ ಮೆಚ್ಚುಗೆ ಇದೆ. ಆದರೆ ನಮ್ಮ ಸಮಾಜ ಅನ್ನದ ಹಿಂದಿನ ಕೈಯನ್ನು ನೋಡಿದ್ದು ಮೆಚ್ಚುವುದಕ್ಕಾಗಿ ಮಾತ್ರ ಅಲ್ಲ. ಆ ಕೈ ಯಾವ ಜಾತಿಯದು, ಯಾವ ಧರ್ಮದ್ದು ಎಂದು ವಿಚಾರಿಸಿದ ಮೇಲೆಯೇ ತುತ್ತು ಎತ್ತಿದ ಚರಿತ್ರೆ ನಮ್ಮದು.

ಹುಬ್ಬಳ್ಳಿ-ಧಾರವಾಡದ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಈ ಚರಿತ್ರೆ ಬೋರ್ಡುಗಳ ಮೇಲೆಯೇ ಕಾಣಸಿಗುತ್ತದೆ. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ, ಉಡುಪಿ ಹೋಟೆಲು. ಒಳಗೆ ಏನು ಸಿಗುತ್ತದೆ ಎಂಬುದನ್ನು ಮಾತ್ರವಲ್ಲ, ಅದನ್ನು ಯಾರು ಮಾಡಿದ್ದಾರೆ ಎಂಬುದನ್ನೂ ಈ ಹೆಸರುಗಳು ಹೇಳುತ್ತವೆ. ಧಾರವಾಡದ ಪೇಡೆಯನ್ನೂ ನಾವು ಠಾಕೂರ್ ಪೇಡೆ, ಮಿಶ್ರಾ ಪೇಡೆ ಎಂದು ಮಾಡಿದವರ ಮನೆತನದ ಹೆಸರಿನಿಂದಲೇ ಕೇಳಿ ಕೊಳ್ಳುತ್ತೇವೆ. ಹುಬ್ಬಳ್ಳಿ ರೈಲ್ವೆಯ ಊರು. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಇಡುತ್ತಿದ್ದ ಪದ್ಧತಿ ದೇಶದುದ್ದಕ್ಕೂ ಇತ್ತು. ನೀರಿಗೇ ಧರ್ಮ ಅಂಟಿಸಿದವರು ಇಡ್ಲಿಯನ್ನು ಬಿಡುತ್ತಾರೆಯೇ?

ಅಪರಿಚಿತರು ಮಾಡಿದ ಅಡುಗೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಹಳೆಯ ಕಾಲದ ಉತ್ತರ ಒಂದೇ ಆಗಿತ್ತು: ಜಾತಿ. 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಳಿ ಉಡುಪಿ ಕಡೆಯಿಂದ ಬಂದ ಮೈಯ ಸಹೋದರರು ಹೋಟೆಲೊಂದನ್ನು ತೆರೆದಾಗ ಅದಕ್ಕೆ ಇಟ್ಟ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಯಾರು ಮಾಡಿದ್ದು, ಶುದ್ಧವೇ ಎಂಬ ಎರಡೂ ಪ್ರಶ್ನೆಗಳಿಗೆ ಆ ಒಂದು ಪದದಲ್ಲೇ ಉತ್ತರ ಸಿಗುತ್ತಿತ್ತು.

ಆದರೆ ಅದೇ ಹೋಟೆಲು ಮುಂದೆ ತಾನಾಗಿಯೇ ಆ ಉತ್ತರವನ್ನು ಬದಲಿಸಿತು. 1951ರಲ್ಲಿ ಯಜ್ಞನಾರಾಯಣ ಮೈಯರು ಯುರೋಪಿಗೆ ಹೋಗಿ ಬಂದರು. ಅಲ್ಲಿನ ಹೋಟೆಲುಗಳ ಅಡುಗೆಮನೆಯ ಶಿಸ್ತು ಮತ್ತು ಸ್ವಚ್ಛತೆ ಅವರ ಮನಸ್ಸನ್ನು ಹಿಡಿಯಿತು. ಊರಿಗೆ ಮರಳಿದ ಮೇಲೆ ಪಾತ್ರೆಗಳನ್ನು ಹಬೆಯಲ್ಲಿ ಶುಚಿಗೊಳಿಸುವ ವ್ಯವಸ್ಥೆ ಬಂತು. ಗಿರಾಕಿಗಳು ಊಟಕ್ಕೆ ಕೂರುವ ಮೊದಲು ಅಡುಗೆಮನೆಯನ್ನು ಕಣ್ಣಾರೆ ಕಂಡು ಹೋಗಬಹುದಾಯಿತು. 1960ರಲ್ಲಿ ಹೆಸರೂ ಬದಲಾಗಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅದೇ ನಮಗೆಲ್ಲ ಗೊತ್ತಿರುವ ಎಂಟಿಆರ್. ಬೋರ್ಡಿನಿಂದ ಜಾತಿಯ ಹೆಸರು ಇಳಿಯಿತು, ಅಡುಗೆಮನೆಯ ಬಾಗಿಲು ತೆರೆಯಿತು. ನಮ್ಮ ನಾಡಿನ ಆಹಾರದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ‘ನಾವು ಯಾರೆಂದು ನೋಡಿ ನಂಬಿ’ ಎನ್ನುತ್ತಿದ್ದ ಹೋಟೆಲು ‘ನಾವು ಹೇಗೆ ಮಾಡುತ್ತೇವೆಂದು ನೋಡಿ ನಂಬಿ’ ಎನ್ನತೊಡಗಿತು.

ಎರಡನೆಯ ತಿರುವು ಸಂಕಟದಿಂದ ಬಂತು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ಹೋಟೆಲು ತಿಂಡಿಗಳಿಗೆ ತೀರ ಕಡಿಮೆ ದರ ನಿಗದಿ ಮಾಡಿತು. ಆ ದರಕ್ಕೆ ಮಾರಬೇಕಾದರೆ ತುಪ್ಪ ಕಡಿಮೆ ಮಾಡಬೇಕು, ಬೇಳೆ ಕಡಿಮೆ ಮಾಡಬೇಕು. ಹಾಗೆ ಮಾಡಲು ಎಂಟಿಆರ್‌ನವರಿಗೆ ಮನಸ್ಸಾಗಲಿಲ್ಲ. ಹೋಟೆಲಿಗೆ ಬೀಗ ಬಿತ್ತು. ಕೆಲಸಗಾರರ ಗತಿಯೇನು? ಪಕ್ಕದಲ್ಲೇ ಅಂಗಡಿ ಇಟ್ಟು ಚಟ್ನಿಪುಡಿ, ಸಾರಿನ ಪುಡಿ, ದಿಢೀರ್ ತಿಂಡಿಯ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಇದೇ ಹೋಟೆಲಿನಲ್ಲಿ ರವೆ ಇಡ್ಲಿ ಹುಟ್ಟಿತ್ತು. ಈಗ ಹೋಟೆಲೇ ಮುಚ್ಚಿದಾಗ ಪೊಟ್ಟಣ ಹುಟ್ಟಿತು. ಕೆಲವು ವರ್ಷಗಳ ನಂತರ ಹೋಟೆಲು ಮತ್ತೆ ತೆರೆಯಿತು. ಅಷ್ಟರಲ್ಲಿ ಪೊಟ್ಟಣದ ವ್ಯಾಪಾರ ತನ್ನ ಕಾಲ ಮೇಲೆ ನಿಂತಿತ್ತು. ಮುಂದೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನ ಪಡೆದು, ಬಿಸಿ ಮಾಡಿ ತಿನ್ನುವ ಸಿದ್ಧ ಪಲ್ಯ, ಸಿದ್ಧ ಅನ್ನಗಳೂ ಬಂದವು. 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಕಂಪನಿ ಎಂಟಿಆರ್ ಫುಡ್ಸನ್ನು ಕೊಂಡಿತು. ಹೋಟೆಲು ಮಾತ್ರ ಮೈಯ ಮನೆತನದಲ್ಲೇ ಉಳಿಯಿತು.

ಪೊಟ್ಟಣ ಮಾಡಿದ ಕ್ರಾಂತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಹೋಟೆಲಿನಲ್ಲಿ ಬಡಿಸುವ ಕೈ ಕಾಣುತ್ತದೆ. ಪೊಟ್ಟಣದಲ್ಲಿ ಕೈ ಕಾಣುವುದಿಲ್ಲ. ಅಲ್ಲಿ ಇರುವುದು ತೂಕ, ಬೆಲೆ, ತಾರೀಖು, ಒಳಗಿನ ಪದಾರ್ಥಗಳ ಪಟ್ಟಿ. ಯಾರು ರುಬ್ಬಿದರು, ಯಾರು ಹುರಿದರು ಎಂದು ಯಾರೂ ಕೇಳುವುದಿಲ್ಲ. ಸುಧಾರಕರು ಸಹಪಂಕ್ತಿ ಭೋಜನಗಳನ್ನು ಏರ್ಪಡಿಸಿ ಸಾಧಿಸಲು ಹೊರಟಿದ್ದನ್ನು ಪ್ಲಾಸ್ಟಿಕ್ ಹಾಳೆಯೊಂದು ಸದ್ದಿಲ್ಲದೆ ಸಾಧಿಸಿತು ಎಂದು ಕೆಲಕಾಲ ಅನ್ನಿಸಿದ್ದುಂಟು.

ಆದರೆ ರವೆ ಇಡ್ಲಿಯ ಮಿಶ್ರಣ ಒಣ ಪದಾರ್ಥ, ತಿಂಗಳುಗಟ್ಟಲೆ ಇರುತ್ತದೆ. ರುಬ್ಬಿದ ಹಸಿ ಹಿಟ್ಟಿನ ಕಥೆ ಬೇರೆ. ಅದು ಜೀವ ಇರುವ ವಸ್ತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರಲ್ಲಿ ರಾತ್ರಿಯಿಡೀ ಕೆಲಸ ಮಾಡುತ್ತವೆ. ಹಿಟ್ಟು ಹುಳಿಯಾಗುತ್ತದೆ, ಗಾಳಿ ತುಂಬಿ ಉಬ್ಬುತ್ತದೆ. ಪೊಟ್ಟಣದೊಳಗೂ ಅವು ಸುಮ್ಮನಿರುವುದಿಲ್ಲ. ತಂಪಿನಲ್ಲಿಟ್ಟರೆ ಕೆಲವು ದಿನ, ಇಲ್ಲದಿದ್ದರೆ ಅದೂ ಇಲ್ಲ. ಹಾಗಾಗಿ ಇಡ್ಲಿ ಹಿಟ್ಟಿನ ವ್ಯಾಪಾರ ಬಹಳ ಕಾಲ ಓಣಿಯ ಗ್ರೈಂಡರಿನಲ್ಲೇ ಉಳಿಯಿತು. ಪಾತಳ ಚೀಲದಲ್ಲಿ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರೆ ಮುಗಿಯಿತು.

2005ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ಕೇರಳದ ಕೆಲವು ಮುಸ್ಲಿಂ ಯುವಕರು ಈ ರಬ್ಬರ್ ಬ್ಯಾಂಡಿನ ಚೀಲವನ್ನು ನೋಡಿ ಇದಕ್ಕಿಂತ ಚೆನ್ನಾಗಿ ಮಾಡಬಹುದಲ್ಲ ಎಂದುಕೊಂಡರು. ಹಣ ಹಾಕಿದವರು ಅವರ ಬಂಧು ಪಿ.ಸಿ. ಮುಸ್ತಫಾ. ವಯನಾಡಿನ ಕೂಲಿ ಕಾರ್ಮಿಕರೊಬ್ಬರ ಮಗ. ಆರನೇ ತರಗತಿಯಲ್ಲಿ ನಪಾಸಾಗಿ, ಮತ್ತೆ ಶಾಲೆಗೆ ಮರಳಿ, ಕ್ಯಾಲಿಕಟ್‌ನಲ್ಲಿ ಇಂಜಿನಿಯರಿಂಗ್ ಓದಿ, ಐರ್ಲೆಂಡ್, ದುಬೈಗಳಲ್ಲಿ ನೌಕರಿ ಮಾಡಿ ಬಂದವರು. ಇಡ್ಲಿ ಮತ್ತು ದೋಸೆಯ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಕಂಪನಿಗೆ ಐಡಿ ಎಂದು ಹೆಸರಿಟ್ಟರು.

ಆರಂಭ ಉತ್ಸಾಹ ತರುವಂಥದ್ದಾಗಿರಲಿಲ್ಲ. ಹೊಸ ಹೆಸರಿನ ಹಿಟ್ಟನ್ನು ಇಟ್ಟುಕೊಳ್ಳಲು ಅಂಗಡಿಯವರು ಹಿಂಜರಿದರು. ದಿನಕ್ಕೆ 100 ಪೊಟ್ಟಣದ ಮಾರಾಟ ಮುಟ್ಟಲು 9 ತಿಂಗಳು ಬೇಕಾಯಿತೆಂದು ಮುಸ್ತಫಾ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೆಂಗಳೂರಿನ ಐಐಎಂನಲ್ಲಿ ಓದು ಮುಗಿಸಿದ ಮೇಲೆ ಅವರು ಪೂರ್ಣಾವಧಿಗೆ ಕಂಪನಿ ಸೇರಿ, ಅದರ ಮುಖ್ಯ ಕಾರ್ಯನಿರ್ವಾಹಕರಾದರು. ಕೆಡದಂತೆ ಇಡುವ ರಾಸಾಯನಿಕ ಬೆರೆಸಿದ್ದರೆ ಅವರ ದಾರಿ ಸುಲಭವಾಗುತ್ತಿತ್ತು. ಬೆರೆಸುವುದಿಲ್ಲ ಎಂಬ ಹಟ ಹಿಡಿದದ್ದರಿಂದ ಉಳಿದ ಎಲ್ಲವನ್ನೂ ಬದಲಿಸಬೇಕಾಯಿತು. ಪ್ರತಿದಿನ ಹೊಸ ಹಿಟ್ಟು, ಪ್ರತಿದಿನ ಅಂಗಡಿಗೆ ಗಾಡಿ, ಮಾರಾಟವಾಗದ್ದು ವಾಪಸ್. ಈ ವ್ಯಾಪಾರದ ಲಾಭ-ನಷ್ಟ ನಿಂತಿರುವುದು ಆ ವಾಪಸ್ ಬರುವ ಪೊಟ್ಟಣಗಳ ಮೇಲೆ. ಹೆಚ್ಚು ಕೊಟ್ಟರೆ ಹಿಟ್ಟು ಹಾಳು, ಕಡಿಮೆ ಕೊಟ್ಟರೆ ಗಿರಾಕಿ ಹಾಳು. ಯಾವ ಅಂಗಡಿಯಲ್ಲಿ ಯಾವ ವಾರ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕದಲ್ಲೇ ಇಂಜಿನಿಯರಿಂಗ್ ಓದು ಕೆಲಸಕ್ಕೆ ಬಂತು.

2014ರಲ್ಲಿ ಹೆಲಿಯನ್ ಸಂಸ್ಥೆ 35 ಕೋಟಿ ರೂಪಾಯಿ, 2017ರಲ್ಲಿ ಪ್ರೇಮ್‌ಜಿ ಇನ್ವೆಸ್ಟ್ 150 ಕೋಟಿ ರೂಪಾಯಿ ಹೂಡಿದವು. ಮಲಬಾರ್ ಪರೋಟ ಬಂತು, ವಡೆ ಹಿಟ್ಟಿನ ಪೊಟ್ಟಣ ಬಂತು, ಕೊಲ್ಲಿ ದೇಶಗಳ ಮಾರುಕಟ್ಟೆ ತೆರೆಯಿತು. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಕಾಯುವವರಿಲ್ಲದ ಫ್ರಿಜ್ ಇಟ್ಟು, ಬೇಕಾದ್ದನ್ನು ತೆಗೆದುಕೊಂಡು ಹಣವನ್ನು ಡಬ್ಬಿಗೆ ಹಾಕಿ ಹೋಗಿ ಎಂಬ ಪ್ರಯೋಗವನ್ನೂ ಮಾಡಿದರು. ಇಷ್ಟು ಬೆಳೆದರೂ ಕೆಲವು ವರ್ಷ ಖರ್ಚು ವರಮಾನವನ್ನು ಮೀರಿತ್ತು. ನಷ್ಟದಲ್ಲಿದ್ದ ಕಂಪನಿ ಲಾಭಕ್ಕೆ ತಿರುಗಿದ್ದು 2023-24ರಲ್ಲಿ. ಆ ವರ್ಷದ ವಹಿವಾಟು 550 ಕೋಟಿ ರೂಪಾಯಿಗಳನ್ನು ದಾಟಿತ್ತು.

ವ್ಯಾಪಾರದ ಪುಸ್ತಕಗಳು ಇಲ್ಲಿಗೆ ಮುಗಿಯುತ್ತವೆ. ಚರಿತ್ರೆ ಬರೆಯುವವರು ನಡುವಿನ ಒಂದು ತಿಂಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ವದಂತಿ ಹರಿದಾಡಿತು. ಐಡಿ ಹಿಟ್ಟಿನಲ್ಲಿ ಹಸುವಿನ ಮೂಳೆ ಬೆರೆಸುತ್ತಾರೆ, ಕೊಂಡುಕೊಳ್ಳಬೇಡಿ ಎಂಬುದು ಅದರ ಸಾರ. ಅಕ್ಕಿ, ಉದ್ದು, ಮೆಂತ್ಯ, ನೀರು ಬಿಟ್ಟರೆ ಬೇರೇನೂ ಇಲ್ಲ, ಎಲ್ಲವೂ ಸಸ್ಯಾಹಾರಿ ಪದಾರ್ಥ ಎಂದು ಕಂಪನಿ ಹೇಳಿಕೆ ಕೊಡಬೇಕಾಯಿತು, ದೂರು ಸಲ್ಲಿಸಬೇಕಾಯಿತು. ಮುಂದೆ ಕಾರ್ಖಾನೆಯೊಳಗೆ ಕ್ಯಾಮರಾ ಇಟ್ಟು, ಹಿಟ್ಟು ತಯಾರಾಗುವುದನ್ನು ಜನರು ನೇರವಾಗಿ ನೋಡುವ ಏರ್ಪಾಡನ್ನೂ ಮಾಡಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮೈಯರು ಅಡುಗೆಮನೆಯ ಬಾಗಿಲು ತೆರೆದರು, ಮುಸ್ತಫಾ ಅವರೂ ತೆರೆದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ. ಆದರೆ ಒಬ್ಬರು ತೆರೆದದ್ದು ಹೆಮ್ಮೆಯಿಂದ, ‘ಬನ್ನಿ, ನೋಡಿ’ ಎಂದು. ಇನ್ನೊಬ್ಬರು ತೆರೆದದ್ದು ಅನುಮಾನ ತಲೆಯೆತ್ತಿದ ಮೇಲೆ, ‘ದಯವಿಟ್ಟು ನೋಡಿ’ ಎಂದು. ಅನುಮಾನಕ್ಕೆ ಹಿಟ್ಟಿನ ರುಚಿಯಾಗಲಿ, ಕಾರ್ಖಾನೆಯ ಕೊಳಕಾಗಲಿ ಕಾರಣವಾಗಿರಲಿಲ್ಲ. ಪೊಟ್ಟಣ ಮರೆಮಾಡಿದ್ದ ಕೈಯನ್ನು ಯಾರೋ ಹುಡುಕಿ ತೆಗೆದು, ಅದರ ಧರ್ಮ ಯಾವುದೆಂದು ಓದಿ ಹೇಳಿದ್ದರು. 1924ರ ಬೋರ್ಡಿನ ಪ್ರಶ್ನೆಯೇ 2021ರಲ್ಲಿ ಮೊಬೈಲಿನ ಪರದೆಯ ಮೇಲೆ ಮತ್ತೆ ಮೂಡಿತು.

ಇದು ದೂರದ ಬೆಂಗಳೂರಿನ ಕಥೆಯೆಂದು ನಾವು ಧಾರವಾಡ ಸೀಮೆಯವರು ಸುಮ್ಮನಿರುವಂತಿಲ್ಲ. 2022ರ ಏಪ್ರಿಲ್ 9ರಂದು ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಬಳಿ ಹಣ್ಣು ಮಾರುತ್ತಿದ್ದ ಬಡ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದದ್ದನ್ನು ನಾಡೆಲ್ಲ ಕಂಡಿತು. ಇಡ್ಲಿ ಹಿಟ್ಟನ್ನು ಯಾರೋ ರುಬ್ಬಬೇಕು. ಕಲ್ಲಂಗಡಿಗೆ ರುಬ್ಬುವ ಕೈಯೂ ಬೇಡ, ಕಟ್ಟುವ ಕೈಯೂ ಬೇಡ. ಅದು ಪ್ರಕೃತಿಯೇ ಕಟ್ಟಿ ಮುದ್ರೆಯೊತ್ತಿದ ಪೊಟ್ಟಣ. ಅದನ್ನೂ ಒಡೆದರೆಂದ ಮೇಲೆ ತೊಂದರೆ ಇದ್ದದ್ದು ಶುದ್ಧಿಯ ವಿಷಯದಲ್ಲಿ ಅಲ್ಲವೆಂಬುದು ಸ್ಪಷ್ಟ. ಆದರೆ ಅದೇ ದಿನಗಳಲ್ಲಿ ಆ ವ್ಯಾಪಾರಿಗೆ ನಾಡಿನ ನಾನಾ ಕಡೆಯಿಂದ ಎಲ್ಲ ಧರ್ಮದವರೂ ಸಹಾಯ ಕಳಿಸಿದರು ಎಂಬುದನ್ನೂ ಚರಿತ್ರೆಯಲ್ಲಿ ಬರೆದಿಡಬೇಕು. ವದಂತಿಯ ನಂತರವೂ ಐಡಿಯ ವಹಿವಾಟು ಬೆಳೆಯುತ್ತಲೇ ಹೋಯಿತು ಎಂಬುದನ್ನೂ ಬರೆದಿಡಬೇಕು. ಕೊಂಡವರೆಲ್ಲ ಭಾಷಣ ಮಾಡಲಿಲ್ಲ, ಮೆರವಣಿಗೆ ಹೊರಡಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸುವ ಅವಸರದಲ್ಲಿ ಎಂದಿನ ಪೊಟ್ಟಣವನ್ನೇ ಕತ್ತರಿಸಿ ದೋಸೆ ಹೊಯ್ದರು. ಒಂದು ಕಂಪನಿ ಉಳಿದದ್ದರಲ್ಲಿ ಅದರ ಮುಖ್ಯಸ್ಥರ ಜಾಣ್ಮೆಯ ಪಾಲು ಎಷ್ಟಿದೆಯೋ ಈ ಮನೆಗಳ ಪಾಲೂ ಅಷ್ಟೇ ಇದೆ.

ಮಾರುಕಟ್ಟೆಗೂ ತನ್ನದೇ ಆದ ಹಾಸ್ಯಪ್ರಜ್ಞೆ ಇದೆ. ಎಂಟಿಆರ್ ಕೊಂಡ ಅದೇ ಒರ್ಕ್ಲಾ ಮುಂದೆ ಕೇರಳದ ಮೀರಾನ್ ಎಂಬ ಮುಸ್ಲಿಂ ಮನೆತನ ಕಟ್ಟಿ ಬೆಳೆಸಿದ ಈಸ್ಟರ್ನ್ ಮಸಾಲೆ ಕಂಪನಿಯನ್ನೂ ಕೊಂಡಿತು. ಬ್ರಾಹ್ಮಿನ್ ಕಾಫಿ ಕ್ಲಬ್ಬಿನ ವಾರಸು ಮತ್ತು ಮೀರಾನರ ಮಸಾಲೆ ಈಗ ಒರ್ಕ್ಲಾ ಇಂಡಿಯಾ ಎಂಬ ಒಂದೇ ಸೂರಿನಡಿ ಇವೆ. ಷೇರು ಕೊಳ್ಳುವವರು ಯಾರ ಕೈಯೆಂದು ಕೇಳುವುದಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಕನ್ನಡದ ಕಚೇರಿಗಳಲ್ಲಿ ಆ ಪದಕ್ಕೆ ನೌಕರನನ್ನು ಕೆಲಸದಿಂದ ದೂರ ಇಡುವ ಅರ್ಥ ಬಂದುಬಿಟ್ಟಿದೆ. ಆಹಾರದ ವ್ಯಾಪಾರದಲ್ಲಿ ಈ ಎರಡು ಅರ್ಥಗಳ ನಡುವಿನ ಅಂತರ ಬಹಳ ತೆಳ್ಳಗಿದೆ. ನಂಬಿ ಒಪ್ಪಿಸಿದ್ದನ್ನು ಒಂದು ವದಂತಿ ರಾತ್ರೋರಾತ್ರಿ ದೂರ ಇಟ್ಟುಬಿಡುತ್ತದೆ. ದೊಡ್ಡ ಕಂಪನಿಗೆ ಕ್ಯಾಮರಾ ಇದೆ, ವಕೀಲರಿದ್ದಾರೆ, ಹೂಡಿಕೆದಾರರಿದ್ದಾರೆ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಮನೆಯ ಗ್ರೈಂಡರಿನಲ್ಲಿ ಹಿಟ್ಟು ರುಬ್ಬಿ, ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ ಅದಾವುದೂ ಇಲ್ಲ. ಅವರಿಗಿರುವ ಆಸ್ತಿ ಪಕ್ಕದ ಮನೆಯವರು ಬೆಳಿಗ್ಗೆ ಹಿಡಿದು ಬರುವ ಸ್ಟೀಲಿನ ಡಬ್ಬಿ ಮಾತ್ರ. ಆ ಡಬ್ಬಿ ನಾಳೆಯೂ ಬರುವಂತೆ ನೋಡಿಕೊಳ್ಳುವುದು ಯಾವ ಕಂಪನಿಯ ಮುಖ್ಯಸ್ಥರ ಕೈಯಲ್ಲೂ ಇಲ್ಲ, ನಮ್ಮ ನಿಮ್ಮ ಕೈಯಲ್ಲಿದೆ.