ಮೈಕಿನ ಮರ್ಯಾದೆ

ಕಾರ್ಕಳ ಸೀಮೆಯ ಅಜೆಕಾರಿನ ಪಕ್ಕದ ಹೆರ್ಮುಂಡೆಯ ಮಮತಾ ಪೂಜಾರಿ 2012ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕಿ. ಫೈನಲಿನಲ್ಲಿ ಆ ತಂಡ ಇರಾನನ್ನು 25-19ರಿಂದ ಸೋಲಿಸಿ ಕಪ್ ಎತ್ತಿತು. ಏಷ್ಯನ್ ಗೇಮ್ಸ್‌ನಲ್ಲಿ ಹೆಂಗಸರ ಕಬಡ್ಡಿಗೆ ಮೊದಲು ಜಾಗ ಸಿಕ್ಕಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ಅಲ್ಲಿ ಚಿನ್ನ ಗೆದ್ದ ತಂಡದಲ್ಲೂ, 2014ರಲ್ಲಿ ಇಂಚಿಯಾನ್‌ನಲ್ಲಿ ಅದನ್ನು ಉಳಿಸಿಕೊಂಡ ತಂಡದಲ್ಲೂ ಮಮತಾ ಇದ್ದರು. ಅರ್ಜುನ ಪ್ರಶಸ್ತಿಯೂ ಅದೇ 2014ರಲ್ಲಿ ಬಂತು. ಇಂಥ ಆಟಗಾರ್ತಿಯನ್ನು ಕೊಟ್ಟ ಸೀಮೆಯಲ್ಲಿ ಹೆಣ್ಣುಮಕ್ಕಳ ಪಂದ್ಯಾಟಕ್ಕೆ ಮೈಕು ಹಿಡಿದವರ ಮಾತು ಆ ಆಟದ ಮಟ್ಟಕ್ಕೆ ಬಂದಿದೆಯೇ ಎಂದು ಕೇಳಿದರೆ, ಹೌದು ಎನ್ನಲು ನಾಲಗೆ ತಡೆಯುತ್ತದೆ. ನಮ್ಮ ಕಡೆ ‘ವೀಕ್ಷಕ ವಿವರಣೆ’ ಎಂದು ಕರೆಯುವ ಈ ಕಸುಬಿಗೆ ಕರಾವಳಿಯಲ್ಲಿ ದೊಡ್ಡ ಪರಂಪರೆಯಿದೆ, ಶಿಸ್ತೂ ಇದೆ. ಹೆಂಗಸರ ಪಂದ್ಯಕ್ಕೆ ಬಂದಾಗ ಆ ಶಿಸ್ತು ಸಡಿಲಾಗುವುದಕ್ಕೆ ಮೈಕು ಹಿಡಿದವರ ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ. ಆ ಪಂದ್ಯಗಳನ್ನು ನಾವು ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಹೆಸರಿನಲ್ಲಿ ಇಟ್ಟುಕೊಂಡು ಬಂದೆವು ಎಂಬ ಚರಿತ್ರೆಯೇ ಅದಕ್ಕೆ ಹೆಚ್ಚು ಕಾರಣ ಎಂಬುದು ನನ್ನ ವಾದ.

ಮೊದಲು ಪರಂಪರೆಯ ಮಾತು. ಕಾರ್ಕಳ ಸೀಮೆಯ ಕಿವಿಗೆ ಮೈಕಿನ ವಿವರಣೆ ಪಕ್ಕಾ ಆದದ್ದು ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯ, ಬದಿಯಲ್ಲಿ. ಮಿಯ್ಯಾರಿನ ಲವ-ಕುಶ ಜೋಡುಕರೆಯಂಥ ಕಡೆ ಹಗಲು ರಾತ್ರಿ ಎನ್ನದೆ ಕೋಣಗಳು ಓಡುತ್ತವೆ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗಗಳು. ಒಂದೊಂದರಲ್ಲೂ ಸುತ್ತಿನ ಮೇಲೆ ಸುತ್ತು. ಓಟ ಶುರುವಾಗುವ ಗಂತಿನಲ್ಲಿ ಯಾರ ಜೋಡಿ ನಿಂತಿದೆ, ಯಾವ ಕರೆಗೆ ಯಾವುದು ಇಳಿಯುತ್ತದೆ, ಓಟದ ಕೊನೆಯ ಮಂಜೊಟ್ಟಿ ಏರಿದ್ದು ಎಷ್ಟು ಸೆಕೆಂಡಿಗೆ, ಕನೆಹಲಗೆಯಲ್ಲಿ ನೀರು ಚಿಮ್ಮಿ ಎಷ್ಟು ಕೋಲು ಎತ್ತರದ ನಿಶಾನೆಗೆ ತಾಗಿತು ಎಂಬುದನ್ನೆಲ್ಲ ಹೇಳುವವನಿಗೆ ತಪ್ಪಲು ಅವಕಾಶವಿಲ್ಲ. ಬದುವಿನ ಮೇಲೆ ಕೂತವರಿಗೆ ಅವನಷ್ಟೇ ಗೊತ್ತಿರುತ್ತದೆ. ಒಂದು ಜೋಡಿಯ ಹೆಸರು ತಪ್ಪಿದರೆ ಅಲ್ಲಿಂದಲೇ ಕೂಗಿ ತಿದ್ದುತ್ತಾರೆ. ಸೋತ ಜೋಡಿಯ ಮನೆಯನ್ನು ಹಗುರ ಮಾಡುವಂತೆಯೂ ಇಲ್ಲ. ಮುಂದಿನ ವಾರ ಇನ್ನೊಂದು ಕರೆಯಲ್ಲಿ ಅದೇ ಯಜಮಾನರ ಎದುರು ಅದೇ ಮೈಕು ಹಿಡಿಯಬೇಕಲ್ಲ! ಹೀಗೆ ನಿಷ್ಪಕ್ಷಪಾತವೆನ್ನುವುದು ಇಲ್ಲಿ ಪುಸ್ತಕ ಓದಿ ಬಂದದ್ದಲ್ಲ, ಊರಿನ ಸಂಬಂಧಗಳ ಒತ್ತಡದಿಂದ ಬಂದದ್ದು.

ಆ ಪರಂಪರೆಯನ್ನು ಹೊಗಳಿ ಸುಮ್ಮನಾಗುವ ಹಾಗೂ ಇಲ್ಲ. ಕಂಬಳದ ಫಲಿತಾಂಶದ ಪಟ್ಟಿಯನ್ನು ಈಗಲೂ ಓದಿ ನೋಡಿ: ಮೊದಲು ಮನೆಯ ಹೆಸರು, ಯಜಮಾನರ ಹೆಸರು, ಆಮೇಲೆ ‘ಓಡಿಸಿದವರು’ ಎಂದು ಓಟಗಾರನದು. ಕೆಸರಿನಲ್ಲಿ ಪ್ರಾಣ ಒತ್ತೆಯಿಟ್ಟು ಓಡಿದವನು ಪಟ್ಟಿಯ ಕೊನೆಗೆ. ಆದರೆ ಪಟ್ಟಿ ಏನೇ ಹೇಳಲಿ, ಇವತ್ತಿನ ಜನ ಹೆಸರು ಹಿಡಿದು ಕರೆಯುವುದು ಓಟಗಾರರನ್ನು. ಐಕಳದ ಕಂಬಳದಲ್ಲಿ 2020ರ ಫೆಬ್ರವರಿ 1ರಂದು ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಕೇಳಿದ್ದು ಅವರ ಹೆಸರನ್ನು. ಅದರ ಬೆನ್ನಿಗೇ 100 ಮೀಟರಿಗೆ 9.55 ಸೆಕೆಂಡ್ ಎಂದು ಭಾಗಾಕಾರ ಮಾಡಿ, ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿಟ್ಟು ಕುಣಿದವರೂ ಇದ್ದರು. ಕೋಣಗಳ ಎಳೆತ, ಕೆಸರು, ಓಟದ ಉದ್ದ ಎಲ್ಲವೂ ಬೇರೆಯಾಗಿರುವಾಗ ಆ ಹೋಲಿಕೆಗೆ ಅರ್ಥವಿಲ್ಲವೆಂದು ಕಂಬಳ ಬಲ್ಲವರು ಹೇಳಬೇಕಾಯಿತು. ಸಾಮರ್ಥ್ಯವನ್ನು ಅದರದೇ ಅಳತೆಗೋಲಿನಲ್ಲಿ ಅಳೆಯದೆ ಪರರ ಕೋಲಿನಲ್ಲಿ ಅಳೆದರೆ ಹೊಗಳಿಕೆಯೂ ಸುಳ್ಳಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಈ ಮಾತನ್ನು ಹೆಂಗಸರ ಕಬಡ್ಡಿಗೆ ಬಂದಾಗ ಮತ್ತೆ ಎತ್ತಬೇಕಾಗುತ್ತದೆ.

ಮೈಕು ಬೇಗ ಬದಲಾಗಬಲ್ಲದು ಎಂಬುದಕ್ಕೂ ಕಂಬಳವೇ ಪುರಾವೆ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ಕುತ್ತು ಬಂತು. ರಾಜ್ಯದ ತಿದ್ದುಪಡಿ ಕಾಯ್ದೆ ಬಂದು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯುವ ತನಕ ಹಿಂಸೆಯ ಪ್ರಶ್ನೆ ಕರೆಯ ಮೇಲೆ ತೂಗುತ್ತಲೇ ಇತ್ತು. ಆ ವರ್ಷಗಳಲ್ಲಿ ಮೈಕಿನ ಕೆಲಸ ಹಿಗ್ಗಿತು: ಕೋಣಗಳಿಗೆ ಹೊಡೆಯಬೇಡಿ, ಗಂತಿನಲ್ಲಿ ತಡ ಮಾಡಬೇಡಿ ಎಂದು ಎಚ್ಚರಿಸುವುದೂ ವಿವರಣೆಯ ಭಾಗವಾಯಿತು. ಹಳ್ಳಿಯ ಮೈಕಿಗೆ ನಿಯಮ ಕಲಿಸಲಾಗದು ಎನ್ನುವವರು ಇದನ್ನು ಗಮನಿಸಬೇಕು. ಆಟವೇ ನಿಂತುಹೋದೀತು ಎಂಬ ಭಯ ಹುಟ್ಟಿದ ಕೂಡಲೇ ಕಲಿತೆವು.

ಹಾಗಾದರೆ ಕಬಡ್ಡಿ ಅಂಕಣದ ಪಕ್ಕದಲ್ಲಿ ಆದದ್ದೇನು? ಹೆಂಗಸರ ರಾಷ್ಟ್ರೀಯ ಕಬಡ್ಡಿ ಶುರುವಾದದ್ದು 1955ರಲ್ಲಿ, ಕಲ್ಕತ್ತೆಯಲ್ಲಿ. ಗಂಡಸರದು 1952ರಲ್ಲೇ ಮದ್ರಾಸಿನಲ್ಲಿ ಆಗಿತ್ತು. ಮೂರು ವರ್ಷ ದೊಡ್ಡ ಅಂತರವೇನಲ್ಲ. ಆದರೆ ಊರಿನ ಹೊನಲು ಬೆಳಕಿನ ಪಂದ್ಯಾಟಗಳ ಕರಪತ್ರದಲ್ಲಿ ಆ ಅಂತರ ದಶಕಗಳಷ್ಟು ಹಿಗ್ಗಿತು. ಯುವಕ ಮಂಡಲದ ವಾರ್ಷಿಕೋತ್ಸವವೆಂದರೆ ಪುರುಷರ ಪಂದ್ಯಾಟ. ಹೆಂಗಸರಿಗೆ ಹಗ್ಗಜಗ್ಗಾಟ, ಥ್ರೋಬಾಲ್, ಸಂಗೀತ ಕುರ್ಚಿ. ಎರಡು ಕಾಲೇಜು ತಂಡ ಸಿಕ್ಕಿದರೆ ಸೆಮಿಫೈನಲ್ ಮತ್ತು ಫೈನಲ್ ನಡುವೆ ಒಂದು ‘ಪ್ರದರ್ಶನ ಪಂದ್ಯ’. ಈ ಹೆಸರಿನಲ್ಲೇ ಎಲ್ಲ ಅಡಗಿದೆ. ಗೆದ್ದವರು ಮುಂದಿನ ಸುತ್ತಿಗೆ ಹೋಗುವುದಿಲ್ಲ, ಸೋತವರು ಮನೆಗೆ ಹೋಗುವುದಿಲ್ಲ. ಅಂಕಕ್ಕೆ ಬೆಲೆಯಿಲ್ಲದ ಕಡೆ ಅಂಕದ ಲೆಕ್ಕ ಹೇಳುವವನು ಏನು ಮಾಡಿಯಾನು? ದಾನಿಗಳ ಹೆಸರು ಓದುತ್ತಾನೆ, ಅತಿಥಿಗಳನ್ನು ವೇದಿಕೆಗೆ ಕರೆಯುತ್ತಾನೆ. ಉಳಿದ ಹೊತ್ತಿನಲ್ಲಿ ‘ನಮ್ಮ ಊರಿನ ಹೆಮ್ಮೆಯ ಹೆಣ್ಣುಮಕ್ಕಳು’ ಎಂದು ನಾಲ್ಕು ಸಲ ಹೇಳಿ, ಯಾರೋ ಬಿದ್ದಾಗ ‘ಅಯ್ಯೋ ಪಾಪ’ ಎನ್ನುತ್ತಾನೆ. ಗಂಡಸರ ಪಂದ್ಯದಲ್ಲಿ ಅದೇ ಬೀಳುವಿಕೆಗೆ ‘ಎಂಥಾ ಹಿಡಿತ ಮಾರ್ರೆ!’ ಎನ್ನುವ ಬಾಯಿಯೇ ಇದು.

ಇದು ಹಳ್ಳಿಯ ಬಡತನವೆಂದು ತಿಳಿಯಬಾರದು. ದೇಶದ ಅತ್ಯಂತ ಹಣವಂತ ಕಬಡ್ಡಿಯಲ್ಲೂ ಇದೇ ಆಯಿತು. ಪ್ರೊ ಕಬಡ್ಡಿಯ ನಾಲ್ಕನೆಯ ಆವೃತ್ತಿಯ ಜೊತೆಗೆ 2016ರಲ್ಲಿ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ತಂಡಗಳು ಮೂರೇ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಒಂದು ಕಡೆಗೆ ಮಮತಾ ಪೂಜಾರಿ ನಾಯಕಿ, ಇನ್ನೊಂದು ಕಡೆಗೆ ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, ಇಬ್ಬರೂ ಕರ್ನಾಟಕದವರು. ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ 24-23ರಿಂದ ಗೆದ್ದಿತು. ಒಂದೇ ಒಂದು ಅಂಕ. ಕಬಡ್ಡಿ ವಿವರಣೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ? ಆದರೂ ಆ ಚಾಲೆಂಜ್ ಮರುವರ್ಷ ಮರಳಲಿಲ್ಲ. ಪ್ರೊ ಕಬಡ್ಡಿ ಮಾತ್ರ ಆವೃತ್ತಿಯಿಂದ ಆವೃತ್ತಿಗೆ ಬೆಳೆಯುತ್ತ ಹೋಯಿತು. ಅದರ ವಿವರಣೆಕಾರರು ಆಟಗಾರರ ಬಲ, ದೌರ್ಬಲ್ಯ, ಹಿಂದಿನ ಲೆಕ್ಕಗಳನ್ನು ಬಾಯಿಪಾಠ ಮಾಡಿದರು. ಹೆಂಗಸರ ಬಗ್ಗೆ ಅಂಥ ನೆನಪಿನ ಭಂಡಾರ ಕಟ್ಟಲು ಯಾರಿಗೂ ಎರಡನೆಯ ಋತುವೇ ಸಿಗಲಿಲ್ಲ. ವೃತ್ತಿಪರತೆ ಬೇಕಿದ್ದರೆ ಪಂದ್ಯ ಮತ್ತೆ ಮತ್ತೆ ನಡೆಯಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ: ಹೆಂಗಸರ ಕಬಡ್ಡಿ ನಿಧಾನ, ಅದರಲ್ಲಿ ಹೇಳಲು ಏನಿದೆ? ಉತ್ತರ ಅಳತೆಯ ಟೇಪಿನಲ್ಲಿದೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12ಕ್ಕೆ 8. ಎರಡರಲ್ಲೂ ಅಂಚಿನ ಒಂದೊಂದು ಮೀಟರ್ ಲಾಬಿ. ಮೈ ತಾಗುವವರೆಗೆ ಅದು ಆಟದ ಹೊರಗೆ. ಅದನ್ನು ಕಳೆದರೆ ದಾಳಿಗೆ ಬಂದ ಗಂಡಸಿಗೆ ಸಿಗುವುದು 52 ಚದರ ಮೀಟರ್, ಹೆಂಗಸಿಗೆ 36. ಎದುರು ನಿಂತವರು ಮಾತ್ರ ಎರಡೂ ಕಡೆ ಏಳು. ಅಂದರೆ ಸುಮಾರು ಮೂರನೆಯ ಒಂದು ಪಾಲು ಜಾಗ ಕಳೆದುಕೊಂಡು ಅಷ್ಟೇ ಕೈಗಳಿಂದ ತಪ್ಪಿಸಿಕೊಳ್ಳಬೇಕು. ಪಂದ್ಯವೂ 40 ನಿಮಿಷದ ಬದಲು 30 ನಿಮಿಷ. ಹಿಂದೆ ಬಿದ್ದ ತಂಡಕ್ಕೆ ಚೇತರಿಸಿಕೊಳ್ಳಲು ಹೊತ್ತು ಕಡಿಮೆ. ಇಲ್ಲಿ ಉದ್ದನೆಯ ಓಟ, ಜಿಗಿತಗಳನ್ನು ಹುಡುಕುವವನಿಗೆ ಆಟ ನಿಧಾನವಾಗಿ ಕಂಡೀತು. ಕಾರ್ನರಿನವಳು ಅರ್ಧ ಹೆಜ್ಜೆ ಒಳಸರಿದದ್ದು, ಅದನ್ನು ಕಂಡು ದಾಳಿಗಾರ್ತಿ ಬೋನಸ್ ಗೆರೆಯ ಆಸೆ ಬಿಟ್ಟು ಹಿಮ್ಮಡಿ ತಿರುಗಿಸಿದ್ದು, ಸರಪಳಿ ಹಿಡಿದ ಇಬ್ಬರಲ್ಲಿ ಒಬ್ಬಳ ಕೈ ಸಡಿಲಾದದ್ದು, ಇವೆಲ್ಲ ಬಲ್ಲವನ ಕಣ್ಣಿಗೆ ಬೀಳುವ ಸಂಗತಿಗಳು. ಎದುರಾಳಿಗಳು ಆರಕ್ಕಿಂತ ಕಡಿಮೆಯಾದರೆ ಬೋನಸ್ ಇಲ್ಲವೆಂಬುದನ್ನು ನೆನಪಿಟ್ಟವನಿಗೆ ಐದು ಮಂದಿ ಉಳಿದ ಗಳಿಗೆಯಲ್ಲಿ ದಾಳಿಯ ಲೆಕ್ಕವೇ ಬದಲಾಯಿತೆಂದು ಹೇಳಲು ಗೊತ್ತಿರುತ್ತದೆ. ಗಂಡಸರ ಆಟದ ಕೋಲಿನಿಂದ ಇದನ್ನು ಅಳೆಯುವುದು ಕಂಬಳದ ಓಟವನ್ನು ಬೋಲ್ಟರ ಟ್ರ್ಯಾಕಿನಲ್ಲಿ ಅಳೆದಷ್ಟೇ ಸರಿ.

ಕ್ರೀಡಾಮನೋಭಾವದ ಪ್ರಶ್ನೆ ಇನ್ನೂ ಸೂಕ್ಷ್ಮ. ಟಿವಿಯ ವಿವರಣೆಕಾರನ ಮಾತು ಆಟಗಾರ್ತಿಗೆ ಕೇಳಿಸುವುದಿಲ್ಲ. ಬಿಲಿಯರ್ಡ್ಸ್, ಪೂಲ್, ಸ್ನೂಕರಿನಲ್ಲಂತೂ ಮೇಜಿನ ಸುತ್ತ ಮೌನವೇ ನಿಯಮ. ಬೆಂಗಳೂರಿನ ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ ಮಹಿಳಾ ವಿಶ್ವ ಬಿಲಿಯರ್ಡ್ಸ್ ಗೆದ್ದದ್ದು, ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಾಪುರದ ವಿಶ್ವ ಸ್ನೂಕರ್ ಫೈನಲಿನಲ್ಲಿ ಹಾಂಗ್‌ಕಾಂಗಿನ ಎನ್‌ಜಿ ಆನ್-ಯೀ ಎದುರು 5-6ರವರೆಗೆ ಹೋರಾಡಿ ಸೋತದ್ದು ಇಂಥ ಮೌನದಲ್ಲೇ. ಅಲ್ಲಿ ವಿವರಿಸುವವರು ಬಾಯಿ ತಗ್ಗಿಸಿ ಮಾತಾಡುತ್ತಾರೆ. ನಮ್ಮ ಅಂಕಣದಲ್ಲಿ ಧ್ವನಿವರ್ಧಕ ನೇರ ಆಟಗಾರ್ತಿಯ ಕಿವಿಗೇ ಬಡಿಯುತ್ತದೆ. ಅವಳು ಉಸಿರು ಬಿಗಿಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರುವಾಗ ‘ಹಿಂದಿನಿಂದ ಬರ್ತಾ ಇದ್ದಾರೆ’ ಎಂದು ಮೈಕು ಕೂಗಿದರೆ ಅದು ವಿವರಣೆಯಾಗಿ ಉಳಿಯುವುದಿಲ್ಲ. ಎದುರಾಳಿ ಅಂಕಣದಲ್ಲಿರುವ ದಾಳಿಗಾರರಿಗೆ ಅವರದೇ ತಂಡದವರು ಸೂಚನೆ ಕೊಟ್ಟರೂ ಎದುರು ತಂಡಕ್ಕೆ ಒಂದು ಅಂಕ ಕೊಡುವ ನಿಯಮ ಕಬಡ್ಡಿಯಲ್ಲಿದೆ. ತಂಡದವರಿಗೇ ಇಲ್ಲದ ಹಕ್ಕು ಮೈಕಿಗೆ ಎಲ್ಲಿಂದ ಬಂತು? ಗಂಡಸರ ದೊಡ್ಡ ಪಂದ್ಯದಲ್ಲಿ ಹೀಗಾದರೆ ಕೋಚ್ ಮೇಜಿನತ್ತ ನುಗ್ಗುತ್ತಾರೆ. ಪ್ರದರ್ಶನ ಪಂದ್ಯದಲ್ಲಿ ಎಲ್ಲರೂ ನಗುತ್ತಾರೆ. (ಕೋಣಗಳಿಗೆ ಮೈಕಿನ ಮಾತು ತಾಗುವುದಿಲ್ಲವೆಂಬ ಸೌಲಭ್ಯ ಕಂಬಳದವರಿಗಿದೆ.)

ಊರಿನ ಮೈಕು ಮನರಂಜನೆಗೆ ಇರುವುದು, ತಮಾಷೆ ಬೇಡವೆಂದರೆ ಜನ ಎದ್ದುಹೋಗುತ್ತಾರೆ, ಗಂಡಸರನ್ನೂ ಕಿಚಾಯಿಸುತ್ತಾರಲ್ಲ ಎಂಬ ವಾದಕ್ಕೆ ತೂಕವಿದೆ. ತಾಳಮದ್ದಳೆ ಕೇಳಿ ಬೆಳೆದ ಸೀಮೆ ಇದು. ಮಾತಿನಲ್ಲಿ ಕಿಡಿ ಇಲ್ಲದಿದ್ದರೆ ಇಲ್ಲಿ ಯಾರೂ ಕೂರುವುದಿಲ್ಲ. ಆದರೆ ಅದೇ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಕೆಣಕುವುದು ಎದುರಿನ ಪಾತ್ರದ ಮಾತನ್ನು, ಪಾತ್ರಧಾರಿಯ ಮೈಬಣ್ಣವನ್ನಲ್ಲ. ಗಂಡು ರೈಡರ್ ಬರಿಗೈಲಿ ವಾಪಸು ಬಂದರೆ ಮೈಕು ಅವನ ದಾಳಿಯನ್ನು ಕಿಚಾಯಿಸುತ್ತದೆ. ಹೆಣ್ಣು ಬಂದರೆ ಮಾತು ಅವಳ ಜಡೆಗೋ ಮದುವೆಗೋ ಜಾರುತ್ತದೆ. ವಿದ್ಯಾವಂತ ನಾಡುಗಳೂ ಇದರಿಂದ ಪಾರಾಗಿಲ್ಲ. ಮರಿಯೋನ್ ಬಾರ್ತೊಲಿ 2013ರಲ್ಲಿ ವಿಂಬಲ್ಡನ್ ಗೆದ್ದ ದಿನ ಬಿಬಿಸಿಯ ಜಾನ್ ಇನ್ವರ್ಡೇಲ್ ಆಕೆಯ ರೂಪದ ಬಗ್ಗೆ ಆಡಿದ ಮಾತಿಗೆ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರಲ್ಲಿ, ರಿಲೇ ಚಿನ್ನ ಗೆದ್ದ ಆಸ್ಟ್ರೇಲಿಯಾದ ಈಜುಗಾರ್ತಿಯರು ಕೊಳದ ಬದಿಯಿಂದ ಹೊರಡಲು ತಡಮಾಡಿದ್ದಕ್ಕೆ ಮೇಕಪ್ಪಿನ ಮಾತಾಡಿದ ಬಾಬ್ ಬ್ಯಾಲರ್ಡ್ ಅವರನ್ನು ಯೂರೋಸ್ಪೋರ್ಟ್ ವಿವರಣೆಯಿಂದ ಕೈಬಿಟ್ಟಿತು. ಪಕ್ಕದಲ್ಲಿದ್ದ ಲಿಜ್ಜಿ ಸಿಮಂಡ್ಸ್, ತಾವೇ ಒಲಿಂಪಿಕ್ ಈಜುಗಾರ್ತಿ, ಆ ಕ್ಷಣದಲ್ಲೇ ಅದು ಸರಿಯಲ್ಲವೆಂದು ಹೇಳಿದ್ದರು. ನನಗೆ ಮುಖ್ಯವಾಗಿ ಕಾಣುವುದು ಶಿಕ್ಷೆಗಿಂತ ಈ ಕೊನೆಯ ಸಂಗತಿ: ಆಡಿ ಬಂದವರೊಬ್ಬರು ಪಕ್ಕದ ಕುರ್ಚಿಯಲ್ಲಿದ್ದರು.

ನಮ್ಮ ದೇಶದಲ್ಲಿ ಆ ಕುರ್ಚಿಗೆ ಹೆಂಗಸು ಬಂದದ್ದು ತೀರ ಇತ್ತೀಚೆಗೇನಲ್ಲ. ಸಿ. ಕೆ. ನಾಯ್ಡು ಅವರ ಮಗಳು ಚಂದ್ರಾ ನಾಯ್ಡು 1970ರ ದಶಕದಲ್ಲೇ ಇಂದೋರಿನಲ್ಲಿ ಕ್ರಿಕೆಟ್ ವಿವರಣೆ ಕೊಟ್ಟವರು. ಕರಾವಳಿಯ ಕಬಡ್ಡಿಯಲ್ಲಿ ವಿಶ್ವವಿದ್ಯಾನಿಲಯ ಮಟ್ಟದವರೆಗೆ ಆಡಿ, ಮದುವೆಯಾಗಿ, ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿಯೋ ಬ್ಯಾಂಕಿನಲ್ಲೋ ಇರುವವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ಪಂದ್ಯಾಟದ ದಿನ ಅವರನ್ನು ಕರೆಯುವುದು ಬಹುಮಾನ ಹಂಚುವುದಕ್ಕೆ, ಶಾಲು ಹೊದಿಸಿಕೊಳ್ಳುವುದಕ್ಕೆ. ಮೈಕಿಗೆ ಕರೆಯುವುದಕ್ಕೆ ಸಮಿತಿಗೆ ಖರ್ಚೇನೂ ಹೆಚ್ಚಿಲ್ಲ. ಜೊತೆಗೆ ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಎರಡೂ ತಂಡಗಳ ಪಟ್ಟಿ ಮೇಜಿಗೆ ಬರಲಿ: ಎದೆಯ ಸಂಖ್ಯೆ, ಹೆಸರು, ಎಡ ಕಾರ್ನರೋ ಬಲ ಕವರೋ, ಹಿಂದೆ ಎಲ್ಲೆಲ್ಲಿ ಆಡಿದ್ದಾಳೆ ಎಂಬಷ್ಟು. ಗಂಡಸರ ತಂಡಗಳಿಂದ ಇದನ್ನು ಕೇಳಿ ಪಡೆಯುವ ಸಮಿತಿ ಹೆಂಗಸರ ತಂಡದಿಂದ ‘ಏಳು ಮಂದಿ ಇದ್ದಾರಲ್ಲ’ ಎಂದಷ್ಟೇ ಖಾತ್ರಿ ಮಾಡಿಕೊಳ್ಳುತ್ತದೆ. ಹೆಸರು ಗೊತ್ತಿಲ್ಲದವಳ ಬಗ್ಗೆ ಮೂವತ್ತು ನಿಮಿಷ ಮಾತಾಡಬೇಕಾದವನು ಹೆಮ್ಮೆಯ ಹೆಣ್ಣುಮಗಳು ಎನ್ನದೆ ಇನ್ನೇನು ಎಂದಾನು?