ನಡೆದು ಬರೆದ ಚರಿತ್ರೆ: ಬಾದಾಮಿ ಪರಿಸರದ ಕಾಲುದಾರಿಗಳು, ಗ್ರಂಥಗಳು ಮತ್ತು ಚಲನಚಿತ್ರಗಳು

ಮಲಪ್ರಭಾ ನದಿಯ ಕಣಿವೆಯಲ್ಲಿ ಬಾದಾಮಿಯಿಂದ ಐಹೊಳೆಯವರೆಗೆ ಹಬ್ಬಿರುವ ಕೆಂಪು ಮರಳುಗಲ್ಲಿನ ಗುಡ್ಡಗಳಲ್ಲಿ ಎರಡು ಬಗೆಯ ದಾರಿಗಳಿವೆ. ಒಂದು ಗುಡ್ಡಗಳನ್ನು ಬಳಸಿ ಹೋಗುವ ಡಾಂಬರು ರಸ್ತೆ. ಇನ್ನೊಂದು ಗುಡ್ಡವನ್ನೇ ಹತ್ತಿ ಇಳಿಯುವ ಕಾಲುದಾರಿ. ಬಾದಾಮಿಯಿಂದ ಮಹಾಕೂಟಕ್ಕೆ, ಸಿಡಿಲಫಡಿಗೆ, ಅರಳಿತೀರ್ಥಕ್ಕೆ ಹೋಗುವ ಕುರಿಗಾಹಿಗಳು ಮತ್ತು ಭಕ್ತರು ಎರಡನೆಯದನ್ನೇ ಬಳಸುತ್ತ ಬಂದವರು. ಈ ಪ್ರದೇಶದ ಚರಿತ್ರೆಯನ್ನು ಬರೆದ ವಿದ್ವಾಂಸರೂ ಅದನ್ನೇ ತುಳಿದಿದ್ದಾರೆ. ಆದರೆ ದಾರಿ ತೋರಿಸಿದವರು ಯಾರು ಎಂಬ ಸಂಗತಿಗೆ ಗ್ರಂಥಗಳಲ್ಲಿ ಸ್ಥಾನ ದೊರೆತಿರುವುದು ಕಡಿಮೆ. ಈ ಕೊರತೆಯು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಅದು ಆಕರಗಳ ಪ್ರಶ್ನೆಯೂ ಆಗಿದೆ.

ಮುದ್ರಿತ ದಾಖಲೆಗಳ ಮೊದಲ ಘಟ್ಟದಲ್ಲಿ ಛಾಯಾಚಿತ್ರಗಳಿಗೆ ಪ್ರಮುಖ ಸ್ಥಾನವಿದೆ. 1850ರ ದಶಕದಲ್ಲಿ ಸೈನ್ಯಾಧಿಕಾರಿ ಬಿಗ್ಸ್ ಮತ್ತು ವೈದ್ಯ ಪಿಗೌ ಭಾರವಾದ ಕ್ಯಾಮೆರಾಗಳೊಂದಿಗೆ ಈ ಭಾಗಗಳಲ್ಲಿ ಸಂಚರಿಸಿದರು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅವರು ತೆಗೆದ ಚಿತ್ರಗಳು ಸೇರಿದವು. ಅದಕ್ಕೆ ಮೆಡೋಸ್ ಟೇಲರ್ ಐತಿಹಾಸಿಕ ಟಿಪ್ಪಣಿಯನ್ನೂ ಜೇಮ್ಸ್ ಫರ್ಗುಸನ್ ವಾಸ್ತು ವಿವರಣೆಯನ್ನೂ ಬರೆದರು. ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ತಿಂಗಳವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ನಡೆಸಿದ ಸರ್ವೇಕ್ಷಣೆಯ ವರದಿ ಅದೇ ವರ್ಷ ಹೊರಬಂದಿತು. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಋತುವಿನ ಕಾರ್ಯವೇ ಈ ಗುಡ್ಡಗಳಲ್ಲಿ ನಡೆದುದು ಗಮನಾರ್ಹ. ಸುಗ್ಗಿಯ ಕಾಲದಲ್ಲಿ ಆರಂಭವಾಗಿ ಬಿರುಬಿಸಿಲಿನಲ್ಲಿ ಮುಗಿದ ಈ ತಿರುಗಾಟ ಸ್ಥಳೀಯರ ನೆರವಿಲ್ಲದೆ ಸಾಧ್ಯವಾಗುವಂಥದ್ದಲ್ಲ.

ಕಲ್ಲನ್ನು ಓದಿದವರ ಪರಂಪರೆ ಬೇರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಪ್ರಾಂತದ ಶಿಲಾರಚನೆಯನ್ನು ಕುರಿತ ವಿಸ್ತೃತ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಆರ್.ವಿ. ಜೋಶಿಯವರ ಮಲಪ್ರಭಾ ಜಲಾನಯನ ಪ್ರದೇಶದ ಪ್ರಾಗೈತಿಹಾಸಿಕ ಅಧ್ಯಯನ 1955ರಲ್ಲಿ ಬಂದಿತು. ದಕ್ಷಿಣ ಭಾರತದ ಆದಿಮ ಕಲ್ಗೋರಿಗಳನ್ನು ಕುರಿತ ಅ. ಸುಂದರ ಅವರ ಗ್ರಂಥ 1975ರಲ್ಲಿ ಪ್ರಕಟವಾಯಿತು. ಐಹೊಳೆಯ ಮೇಗುಟಿ ಗುಡ್ಡದ ಮೇಲೆ, ಕ್ರಿ.ಶ. 634ರ ರವಿಕೀರ್ತಿಯ ಶಾಸನವುಳ್ಳ ಜಿನಾಲಯದ ಸಮೀಪದಲ್ಲಿಯೇ, ಅಂಥ ಕಲ್ಗೋರಿಗಳಿವೆ. ಊರವರು ಅವುಗಳನ್ನು ಮೋರೇರ ಅಂಗಡಿಗಳೆಂದು ಕರೆಯುತ್ತಾರೆ. ಮೋರೇರು ಎಂದರೆ ಹಿಂದೆ ಬಾಳಿದ್ದ ಬೇರೆಯೇ ಜನ ಎಂಬ ನಂಬಿಕೆ ಈ ಭಾಗದಲ್ಲಿ ವ್ಯಾಪಕವಾಗಿದೆ. ಈ ಕಲ್ಲುಗಳು ಗುಡಿಗಳಿಗಿಂತ ಹಳೆಯ ಜನರವು ಎಂಬ ತಿಳಿವಳಿಕೆ ಆ ಹೆಸರಿನಲ್ಲಿ ಮೊದಲೇ ಇತ್ತು. ವಿದ್ವತ್ತು ಅದಕ್ಕೆ ಕಾಲಮಾನವನ್ನು ಒದಗಿಸಿತು.

ಐಹೊಳೆಯ ಗುಡಿಗಳ ಹೆಸರುಗಳನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ: ಇವುಗಳಲ್ಲಿ ಯಾವುದೂ ಚಾಲುಕ್ಯರ ಕಾಲದ ಹೆಸರಲ್ಲ, ದೇವರ ಹೆಸರೂ ಅಲ್ಲ. ಅವು ಗುಡಿಯಲ್ಲಿ ಅಥವಾ ಅದರ ಅಕ್ಕಪಕ್ಕದಲ್ಲಿ ಬದುಕಿದ ಜನರನ್ನು ಸೂಚಿಸುತ್ತವೆ. ಲಾಡಖಾನನೆಂಬ ಮುಸ್ಲಿಂ ಗೃಹಸ್ಥನು ವಾಸವಾಗಿದ್ದ ಗುಡಿಯು ಇಂದು ಭಾರತೀಯ ವಾಸ್ತುಶಿಲ್ಪದ ಎಲ್ಲ ಗ್ರಂಥಗಳಲ್ಲಿಯೂ ಅವನ ಹೆಸರಿನಿಂದಲೇ ಪರಿಚಿತವಾಗಿದೆ. ಹಾಗೆಯೇ ದುರ್ಗದ ಗೋಡೆಗೆ ಸೇರಿಕೊಂಡಿದ್ದುದರಿಂದ ‘ದುರ್ಗದ ಗುಡಿ’ ಎನಿಸಿದ್ದನ್ನು ಹೊರಗಿನವರು ದುರ್ಗಾದೇವಿಯ ಗುಡಿಯೆಂದು ತಿಳಿದ ಪ್ರಮಾದವೂ ನಡೆದಿದೆ. ಈ ಒಂದೇ ಗುಡಿಯನ್ನು ವಿದ್ವಾಂಸರು ಹೇಗೆ ಹೇಗೆ ಓದಿದರೆಂಬುದನ್ನು ಗ್ಯಾರಿ ಟಾರ್ಟಕೋವ್ 1997ರಲ್ಲಿ ಇಡೀ ಗ್ರಂಥವೊಂದರಲ್ಲಿ ಚರ್ಚಿಸಿದ್ದಾರೆ. ಊರಿನ ಆಡುಮಾತನ್ನು ಕೇಳಿಸಿಕೊಂಡಿದ್ದರೆ ಇಂಥ ಗೊಂದಲಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವು.

ಪರಶುರಾಮನು ಕೊಡಲಿಯನ್ನು ತೊಳೆದಾಗ ಹೊಳೆ ಕೆಂಪಾಗಿ, ಕಂಡವರು ‘ಅಯ್ಯೋ ಹೊಳೆ’ ಎಂದುದರಿಂದ ಐಹೊಳೆ ಎಂಬ ಹೆಸರು ಬಂತೆಂಬ ಐತಿಹ್ಯವನ್ನು ನಿರುಕ್ತಿಯಾಗಿ ಯಾರೂ ಒಪ್ಪಲಾರರು. ಆದರೆ ಕಬ್ಬಿಣದ ಅಂಶದಿಂದ ಕೆಂಪಾದ ಕಲ್ಲು ಮತ್ತು ಮಳೆಗಾಲದ ಕೆನ್ನೀರನ್ನು ನಿತ್ಯ ಕಂಡವರು ಮಾತ್ರ ಕಟ್ಟಬಲ್ಲ ಕಥೆಯಿದು. ಸಿಡಿಲಫಡಿಯ ಹೆಸರಿನಲ್ಲಿಯೂ ಬಂಡೆಯನ್ನು ಬಿರಿಸಿದ ಸಿಡಿಲಿನ ನೆನಪಿದೆ. ಅಲ್ಲಿಯ ಬಂಡೆಯ ಆಸರೆಯಲ್ಲಿರುವ ಆದಿಮ ವರ್ಣಚಿತ್ರಗಳು ವಿದ್ವಾಂಸರ ಗಮನಕ್ಕೆ ಬರುವ ಮುನ್ನವೂ ಆ ಹೆಸರು ಕುರಿಗಾಹಿಗಳ ಬಾಯಲ್ಲಿ ಇದ್ದಿರಬೇಕು.

ಬಾದಾಮಿಯ ಶಾಸನಗಳ ಶೋಧವೂ ಇದೇ ಮಾತನ್ನು ಸಮರ್ಥಿಸುತ್ತದೆ. ತಟ್ಟುಕೋಟೆಯ ಬಳಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಜೆ.ಎಫ್. ಫ್ಲೀಟ್ 1881ರಲ್ಲಿ ಪ್ರಕಟಿಸಿದರು. ಸುಮಾರು ಕ್ರಿ.ಶ. 700ರ ಈ ಬರಹದಲ್ಲಿ ತ್ರಿಪದಿಯ ಅತ್ಯಂತ ಹಳೆಯ ರೂಪ ಕಾಣಿಸುತ್ತದೆ. ಇದೇ ಸೀಮೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕೂಡ ತ್ರಿಪದಿಯದೇ ಎಂಬುದನ್ನು ಜಾನಪದ ವಿದ್ಯಾರ್ಥಿಗಳು ಮರೆಯುವಂತಿಲ್ಲ. ಆದರೆ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಉತ್ತರದ ಕೋಟೆಯ ಬಂಡೆಯ ಮೇಲೆ ಬರೆಸಿದ, ವಾತಾಪಿಯ ದುರ್ಗನಿರ್ಮಾಣವನ್ನು ತಿಳಿಸುವ ಶಾಸನ ಫ್ಲೀಟ್ ಮತ್ತು ಬರ್ಜೆಸ್ ಅವರ ಕಣ್ಣಿಗೆ ಬೀಳಲಿಲ್ಲ. ಅದು 20ನೆಯ ಶತಮಾನದಲ್ಲಷ್ಟೇ ಬೆಳಕಿಗೆ ಬಂದಿತು. ಅದನ್ನು ಸಂಪಾದಿಸಿದವರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಆರ್.ಎಸ್. ಪಂಚಮುಖಿಯವರು. ರಾಜಧಾನಿಯ ಹುಟ್ಟಿನ ದಾಖಲೆಯೇ ಅಷ್ಟು ಕಾಲ ಗುಡ್ಡದ ಮೇಲೆ ಅಜ್ಞಾತವಾಗಿ ಉಳಿದಿತ್ತು.

ಚಲನಚಿತ್ರ ಮಾಧ್ಯಮಕ್ಕೆ ಈ ಗುಡ್ಡಗಳು ದಕ್ಕಿರುವುದು ತೀರ ಕಡಿಮೆ. ಎನ್.ಸಿ. ರಾಜನ್ ನಿರ್ದೇಶನದ ‘ಇಮ್ಮಡಿ ಪುಲಿಕೇಶಿ’ (1967) ಚಾಲುಕ್ಯ ಚಕ್ರವರ್ತಿಯನ್ನು ರಾಜಕುಮಾರ್ ಅವರ ಮೂಲಕ ಮನೆಮಾತಾಗಿಸಿತು. ಅದರ ಆಸಕ್ತಿ ಸಹಜವಾಗಿಯೇ ಆಸ್ಥಾನ ಮತ್ತು ರಣರಂಗಗಳತ್ತ. ಅದೇ ನಟರ ‘ಗಂಧದ ಗುಡಿ’ (1973) ಕನ್ನಡ ಪ್ರೇಕ್ಷಕರಿಗೆ ಕಾಡಿನ ರಕ್ಷಣೆಯ ವಿಚಾರವನ್ನು ತಲುಪಿಸಿತು. ಅವರ ಮಗ ಪುನೀತ್ ರಾಜಕುಮಾರ್ ನಾಡಿನ ಕಾಡುಮೇಡುಗಳಲ್ಲಿ ಸಂಚರಿಸಿದ, ಅಮೋಘವರ್ಷ ನಿರ್ದೇಶನದ ಅದೇ ಹೆಸರಿನ ಸಾಕ್ಷ್ಯಚಿತ್ರ 2022ರಲ್ಲಿ ತೆರೆಕಂಡಿತು. ಒಬ್ಬರು ಚರಿತ್ರೆಯನ್ನೂ ಕಾಡನ್ನೂ ಬೇರೆ ಬೇರೆ ಚಿತ್ರಗಳಲ್ಲಿ ಪ್ರತಿನಿಧಿಸಿದರೆ, ಇನ್ನೊಬ್ಬರು ಕಾಡಿನಲ್ಲಿಯೇ ನಡೆದರು. ಕನ್ನಡ ಮನಸ್ಸು ‘ಕಾಡು’ ಎಂದೊಡನೆ ಸಹ್ಯಾದ್ರಿಯ ಹಸಿರನ್ನೇ ನೆನೆಯುವುದರಿಂದ ಬಾಗಲಕೋಟೆಯ ಮುಳ್ಳುಕಂಟಿಯ ಬಯಲು ಕಾಡೆನಿಸುವುದಿಲ್ಲ. ಆದರೆ ಇದೇ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಚಿಂಕಾರಗಳಿಗಾಗಿಯೇ ಯಡಹಳ್ಳಿ ವನ್ಯಧಾಮವಿದೆ. ಗುಡ್ಡ, ಗುಡಿ ಮತ್ತು ಕುರಿಹಿಂಡು ಒಂದೇ ಚೌಕಟ್ಟಿನಲ್ಲಿ ಬರುವ ಚಿತ್ರವನ್ನು ಈ ನೆಲ ಇನ್ನೂ ಕಾಯುತ್ತಿದೆ.

ಐಹೊಳೆಯ ಗುಡಿಗಳಲ್ಲಿ ವಾಸಿಸುತ್ತಿದ್ದ ಕುಟುಂಬಗಳು ಸಂರಕ್ಷಣೆಯ ಕಾರ್ಯ ಬೆಳೆದಂತೆ ಹೊರಬಂದವು. ಸ್ಮಾರಕಗಳ ಸುತ್ತಲಿನ ಮನೆಗಳನ್ನು ಸ್ಥಳಾಂತರಿಸುವ ಯೋಜನೆ ದಶಕಗಳಿಂದ ಚರ್ಚೆಯಲ್ಲಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನುಗ್ಗಿದ ಮೇಲೆ ಹೊಳೆದಂಡೆಯ ವಾಸದ ಪ್ರಶ್ನೆ ಮತ್ತಷ್ಟು ತೀವ್ರವಾಗಿದೆ. ಸ್ಥಳಾಂತರದ ಸಾಧಕಬಾಧಕಗಳ ವಿವೇಚನೆ ಬೇರೆಯೇ ವಿಷಯ. ಆದರೆ ಸರ್ವೇ ನಂಬರು ಮತ್ತು ಪರಿಹಾರದ ಮೊತ್ತದ ಜೊತೆಗೆ ಯಾವ ಮೂಲೆಗೆ ಯಾವ ಹೆಸರು, ಯಾವ ಓಣಿಯಿಂದ ಯಾವ ಕೊಳ್ಳಕ್ಕೆ ದಾರಿ ಎಂಬ ವಿವರಗಳನ್ನೂ ಬರೆದಿಟ್ಟುಕೊಳ್ಳದೆ ಮನೆಗಳನ್ನು ತೆಗೆದರೆ ಮುಂದಿನ ಸಂಶೋಧಕನಿಗೆ ಗುಡಿಗಳು ಉಳಿದರೂ ಅವುಗಳ ಹೆಸರಿನ ಕಾರಣ ಉಳಿಯುವುದಿಲ್ಲ.

ಇಂಥ ದಾಖಲೀಕರಣಕ್ಕೆ ಸೂಕ್ತ ಕಾಲವೊಂದು ವರ್ಷವೂ ತಾನಾಗಿ ಒದಗಿಬರುತ್ತದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಸೇರುತ್ತದೆ. ಸುತ್ತಲಿನ ಹಳ್ಳಿಗಳ ಭಕ್ತರು ಇಂದಿಗೂ ಗುಂಪುಗಳಲ್ಲಿ ಕಾಲ್ನಡಿಗೆಯಿಂದ ಬರುತ್ತಾರೆ. ಅವರಲ್ಲಿರುವ ಹಿರಿಯರಿಗೆ ಗುಡ್ಡದ ಹಳೆಯ ದಾರಿ, ನೀರಿನ ದೋಣಿ, ದಣಿವಾರಿಸಿಕೊಳ್ಳುವ ಬಂಡೆಗಳೆಲ್ಲ ಹೆಸರು ಸಹಿತ ಗೊತ್ತು. ಆ ದಿನಗಳಲ್ಲಿ ಅವರ ಜೊತೆಗೆ ನಡೆಯುವ ಕ್ಷೇತ್ರಕಾರ್ಯಕರ್ತರು ಬೇಕಾಗಿದ್ದಾರೆ.