ಜೆಟ್ ದೋಣಿಯ ಚುಕ್ಕಾಣಿ ದೋಷಗಳು

ಜೆಟ್ ದೋಣಿಯ ಚುಕ್ಕಾಣಿ ದೋಷಗಳು ಎಂದರೆ ನೀರನ್ನು ರಭಸದಿಂದ ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗುವ ದೋಣಿಗಳಲ್ಲಿ ದಿಕ್ಕು ಬದಲಿಸುವ ವ್ಯವಸ್ಥೆಗೆ ಉಂಟಾಗುವ ತೊಂದರೆಗಳು. ಸಾಮಾನ್ಯ ಯಂತ್ರದೋಣಿಯ ತಳದಲ್ಲಿ ತಿರುಗುವ ಪ್ರೊಪೆಲ್ಲರ್ ಇದ್ದು, ಅದರ ಹಿಂದೆ ಚುಕ್ಕಾಣಿಯ ಹಲಗೆ ಇರುತ್ತದೆ. ಜೆಟ್ ದೋಣಿಯಲ್ಲಿ ಇವೆರಡೂ ಇಲ್ಲ. ಹಿಂದಕ್ಕೆ ಚಿಮ್ಮುವ ನೀರಿನ ಧಾರೆಯೇ ದೋಣಿಯನ್ನು ತಳ್ಳುತ್ತದೆ, ಅದೇ ಧಾರೆಯನ್ನು ಎಡಕ್ಕೋ ಬಲಕ್ಕೋ ಓರೆ ಮಾಡಿದಾಗ ದೋಣಿ ತಿರುಗುತ್ತದೆ. ಆದ್ದರಿಂದ ಧಾರೆ ನಿಂತರೆ, ಚಾಲಕನ ಕೈಯಲ್ಲಿರುವ ಚಕ್ರ ಎಷ್ಟೇ ಸುಸ್ಥಿತಿಯಲ್ಲಿದ್ದರೂ ದೋಣಿ ತಿರುಗುವುದಿಲ್ಲ. ಈ ಬಗೆಯ ದೋಣಿಗಳಲ್ಲಿ ಸಂಭವಿಸುವ ಹಲವು ಅಪಘಾತಗಳ ಮೂಲ ಇಲ್ಲಿದೆ.

ರಚನೆ ಮತ್ತು ಕಾರ್ಯವಿಧಾನ

ಜೆಟ್ ದೋಣಿಯ ಹೃದಯಭಾಗ ಒಂದು ಪಂಪು. ದೋಣಿಯ ತಳದಲ್ಲಿರುವ ಜಾಲರಿಯ ಮೂಲಕ ನೀರು ಒಳಕ್ಕೆ ಬರುತ್ತದೆ. ಎಂಜಿನ್ನಿನಿಂದ ತಿರುಗುವ ಇಂಪೆಲ್ಲರ್ ಆ ನೀರಿಗೆ ವೇಗ ಕೊಡುತ್ತದೆ. ಇಂಪೆಲ್ಲರಿನ ಹಿಂದೆ ಕದಲದೆ ನಿಂತಿರುವ ಅಲಗುಗಳು ಸುಳಿಯಾಗಿ ಬಂದ ನೀರನ್ನು ನೇರಗೊಳಿಸುತ್ತವೆ. ಕೊನೆಗೆ ನಾಝಲ್ ಎಂಬ ಕಿರಿದಾದ ಬಾಯಿಯಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ಈ ಬಾಯಿಗೆ ಹೊಂದಿಕೊಂಡಂತೆ ಕೀಲಿನ ಮೇಲೆ ಅತ್ತಿತ್ತ ಹೊರಳುವ ಇನ್ನೊಂದು ನಾಝಲ್ ಇರುತ್ತದೆ. ಸ್ಟೀರಿಂಗ್ ಚಕ್ರ ತಿರುಗಿಸಿದಾಗ ಹೊರಳುವುದು ಅದು. ಅದರ ಹಿಂದೆ ಮೇಲಿನಿಂದ ಕೆಳಕ್ಕೆ ಇಳಿಯುವ ಬಕೆಟ್ ಎಂಬ ಮುಚ್ಚಳ ಧಾರೆಯನ್ನು ಮುಂದಕ್ಕೆ ತಿರುಗಿಸಿ ದೋಣಿಯನ್ನು ಹಿಮ್ಮುಖವಾಗಿ ನಡೆಸುತ್ತದೆ.

ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗೆ ಇಂಥ ದೋಣಿ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಪಂಪು ಅವರಿಗೆ ಮನೆಯ ವಸ್ತು. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಫುಟ್ ವಾಲ್ವಿನ ಜಾಲರಿಗೆ ತರಗೆಲೆ ಅಂಟಿಕೊಂಡರೆ, ಮೋಟಾರು ಭರ್ರೆಂದು ತಿರುಗುತ್ತಿದ್ದರೂ ಕಾಲುವೆಗೆ ಬೀಳುವ ನೀರು ಸಣಕಲಾಗುತ್ತಿತ್ತು. ಜೆಟ್ ದೋಣಿಯ ಅತಿ ಸಾಮಾನ್ಯ ದೋಷವೂ ಇದೇ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಬೆರಳಿನಿಂದ ಅರೆ ಮುಚ್ಚಿದರೆ ಧಾರೆ ದೂರ ಹಾರುತ್ತದೆ, ಜೊತೆಗೆ ಪೈಪು ಕೈಯನ್ನು ಹಿಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ. ತಲಕಾಡು, ಹಂಪಿಗಳಲ್ಲಿ ಹರಿಗೋಲು ಹತ್ತಿದವರಿಗೆ ಇನ್ನೊಂದು ಹೋಲಿಕೆಯೂ ಹೊಳೆಯಬಹುದು: ಹರಿಗೋಲಿಗೂ ಪ್ರತ್ಯೇಕ ಚುಕ್ಕಾಣಿ ಇಲ್ಲ, ಹುಟ್ಟು ಹಾಕುವುದನ್ನು ನಿಲ್ಲಿಸಿದರೆ ವೇಗದೊಡನೆ ದಿಕ್ಕೂ ಕೈತಪ್ಪುತ್ತದೆ.

ಹಿನ್ನೆಲೆ

ಆಧುನಿಕ ಜೆಟ್ ದೋಣಿಯನ್ನು ಬಳಕೆಗೆ ತಂದವರು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ (1899–1978). ತಮ್ಮ ಸೀಮೆಯ ಆಳವಿಲ್ಲದ, ಕಲ್ಲುಗುಂಡುಗಳಿಂದ ತುಂಬಿದ ನದಿಗಳಲ್ಲಿ ಪ್ರೊಪೆಲ್ಲರ್ ಉಳಿಯುವುದಿಲ್ಲವೆಂದು ಕಂಡ ಅವರು 1950ರ ದಶಕದಲ್ಲಿ ಈ ಪ್ರಯೋಗಗಳನ್ನು ನಡೆಸಿದರು. ಮೊದಲು ನೀರಿನೊಳಗೇ ಚಿಮ್ಮುತ್ತಿದ್ದ ಧಾರೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ, ದೋಣಿಯ ಹಿಂಬದಿಯಿಂದ ಹೊರಬಿಟ್ಟಾಗ ವೇಗ ಗಮನಾರ್ಹವಾಗಿ ಹೆಚ್ಚಿತು. 1960ರಲ್ಲಿ ಜೆಟ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನು ಪ್ರವಾಹಕ್ಕೆ ಎದುರಾಗಿ ಏರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ದೋಣಿಗಳೊಡನೆ ಗಂಗಾಸಾಗರದಿಂದ ಹಿಮಾಲಯದ ಕಡೆಗೆ ಗಂಗೆಯಲ್ಲಿ ಮೇಲೇರಿ, ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡಬಂದುದರಿಂದ ದೋಣಿಯಾನವನ್ನು ನಿಲ್ಲಿಸಿದರು.

ಪಣಂಬೂರು, ಮಲ್ಪೆ ಮೊದಲಾದ ಕಡಲತೀರಗಳಲ್ಲಿ ಪ್ರವಾಸಿಗರು ಸವಾರಿ ಮಾಡುವ ಜೆಟ್ ಸ್ಕೀ ಕೂಡ ಇದೇ ತತ್ತ್ವದ ವಾಹನ. ಕರಾವಳಿ ಕಾವಲು ಪಡೆಯ ಕಾವಲು ನೌಕೆಗಳಲ್ಲಿಯೂ ಜೆಟ್ ಚಾಲನೆ ಬಳಕೆಯಲ್ಲಿದೆ. ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಹೊತ್ತು 2012ರಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ನೌಕೆ ಅಂಥದ್ದು.

ದೋಷದಂತೆ ಕಾಣುವ ಸಹಜ ಗುಣಗಳು

ಚುಕ್ಕಾಣಿ ಕೆಟ್ಟಿದೆ ಎಂಬ ಅನೇಕ ದೂರುಗಳಲ್ಲಿ ವಾಸ್ತವವಾಗಿ ಯಾವುದೂ ಕೆಟ್ಟಿರುವುದಿಲ್ಲ. ಎದುರಿಗೆ ಬಂಡೆಯೋ ಇನ್ನೊಂದು ದೋಣಿಯೋ ಕಂಡೊಡನೆ ಹೊಸಬನು ಥ್ರಾಟಲ್ ಬಿಟ್ಟು ಚಕ್ರ ತಿರುಗಿಸುತ್ತಾನೆ. ರಸ್ತೆಯ ಮೇಲೆ ಕಾರು ಓಡಿಸಿ ಬಂದ ಅಭ್ಯಾಸ ಅದು. ಥ್ರಾಟಲ್ ಬಿಟ್ಟ ಗಳಿಗೆಯಲ್ಲೇ ಧಾರೆ ಸೊರಗುವುದರಿಂದ ದೋಣಿ ತಿರುಗದೆ, ಹಿಂದಿನ ವೇಗದ ಬಲದಿಂದ ನೇರವಾಗಿ ಹೋಗಿ ಅಪ್ಪಳಿಸುತ್ತದೆ. ತಪ್ಪಿಸಿಕೊಳ್ಳಲು ಬೇಕಾದುದು ಅದರ ವಿರುದ್ಧ ಕ್ರಮ: ಥ್ರಾಟಲನ್ನು ಸ್ವಲ್ಪವಾದರೂ ಹಿಡಿದಿಟ್ಟು ತಿರುಗಿಸಬೇಕು. ಸ್ವಭಾವಕ್ಕೆ ವಿರುದ್ಧವಾದ ಈ ಪಾಠ ಒಮ್ಮೆ ಹೇಳಿದರೆ ಸಾಲದು, ಖಾಲಿ ನೀರಿನಲ್ಲಿ ಹತ್ತಾರು ಬಾರಿ ಮಾಡಿಸಿ ಕೈಗೆ ರೂಢಿ ಮಾಡಿಸಬೇಕು. ಇದೇ ಕಾರಣಕ್ಕೆ ಜೆಟ್ ಸ್ಕೀ ತಯಾರಕರು ಥ್ರಾಟಲ್ ಬಿಟ್ಟಾಗಲೂ ತಿರುಗಲು ನೆರವಾಗುವ ಸಾಧನಗಳನ್ನು ಅಳವಡಿಸತೊಡಗಿದರು. ಹಳೆಯ ವಾಹನಗಳಲ್ಲಿ ಅವು ಇರುವುದಿಲ್ಲ.

ನಿಧಾನಗತಿಯಲ್ಲಿ ದೋಣಿಯ ಮೂತಿ ಅತ್ತಿತ್ತ ಅಲೆಯುವುದೂ ಸಹಜ. ನೀರನ್ನು ಸೀಳಿ ಹಿಡಿದಿಡುವ ಹಲಗೆ ತಳದಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಬಕೆಟನ್ನು ಅರ್ಧ ಇಳಿಸಿ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿದರೆ, ದೋಣಿ ನಿಧಾನವಾಗಿಯೇ ಇದ್ದು ತಿರುಗಿಸಲು ಬೇಕಾದ ಧಾರೆ ದೊರೆಯುತ್ತದೆ. ಹಿಮ್ಮುಖ ಚಲನೆಯಲ್ಲಿಯೂ ಗೊಂದಲವಿದೆ. ಹಲವು ಜೆಟ್ ಘಟಕಗಳಲ್ಲಿ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಹಿಂದೆ ಸರಿಯುವಾಗಲೂ ದೋಣಿಯ ಮೂತಿ ಬಲಕ್ಕೇ ಹೊರಳುತ್ತದೆ. ಇದು ಕಾರಿನ ರೀತಿಗೆ ತದ್ವಿರುದ್ಧ, ಆದರೆ ದೋಷವಲ್ಲ.

ದೋಷದ ನೆಲೆ ಗುರುತಿಸುವುದು

ನಿಜವಾದ ದೋಷ ಎರಡೇ ಕಡೆ ಇರಲು ಸಾಧ್ಯ: ಧಾರೆಯಲ್ಲಿ, ಅಥವಾ ಧಾರೆಯನ್ನು ತಿರುಗಿಸುವ ಜೋಡಣೆಯಲ್ಲಿ. ದೋಣಿಯನ್ನು ದಡಕ್ಕೆ ತಂದು, ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡ ಮೇಲೆ ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಹಿಂದೆ ನಿಂತು ನಾಝಲನ್ನು ನೋಡಬೇಕು. ಚಕ್ರದೊಡನೆ ನಾಝಲ್ ಎರಡೂ ಬದಿಗೆ ಪೂರ್ತಿಯಾಗಿ, ತಡವಿಲ್ಲದೆ ಹೊರಳಿದರೆ ಜೋಡಣೆ ಸರಿಯಾಗಿದೆ. ದೋಷವನ್ನು ಪಂಪಿನಲ್ಲಿ ಹುಡುಕಬೇಕು. ನಾಝಲ್ ಕದಲದಿದ್ದರೆ, ಅರ್ಧಕ್ಕೆ ನಿಂತರೆ ಅಥವಾ ಚಕ್ರ ಸಾಕಷ್ಟು ತಿರುಗಿದ ಮೇಲಷ್ಟೇ ಹೊರಳತೊಡಗಿದರೆ ಪಂಪನ್ನು ಬಿಚ್ಚುವ ಅಗತ್ಯವಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಬಿಡಿಭಾಗ ಕೊಳ್ಳಲು ಹೊರಡುವುದು ಹಣ ಕಳೆದುಕೊಳ್ಳುವ ದಾರಿ.

ಧಾರೆಯ ದೋಷಗಳು

ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗುತ್ತಿದ್ದರೂ ದೋಣಿ ಮಂದವಾಗಿದ್ದರೆ, ತಿರುವಿನಲ್ಲಿ ಉದಾಸೀನ ತೋರಿದರೆ, ತಳದಲ್ಲಿ ನಡುಕ ಕಂಡರೆ, ಜಾಲರಿಗೆ ಕಳೆ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಕೆರೆಗಳಲ್ಲಿ ಈ ಕೆಲಸ ಮಾಡುವುದು ಅಂತರಗಂಗೆಯಂಥ ತೇಲುವ ಕಳೆ. (ಕೋಲಾರದ ಬೆಟ್ಟದಲ್ಲಿ ಬತ್ತದ ಚಿಲುಮೆಗೂ, ಕೆರೆಗಳ ಮೇಲೆ ಹಬ್ಬುವ ಈ ಕಳೆಗೂ ಕನ್ನಡದಲ್ಲಿ ಒಂದೇ ಹೆಸರಿರುವುದು ಸೋಜಿಗ.) ಕಡಲಿನಲ್ಲಿಯಾದರೆ ಹರಿದ ಮೀನುಬಲೆ, ಹಗ್ಗ, ಪ್ಲಾಸ್ಟಿಕ್ ಚೀಲಗಳು. ಹಗ್ಗ ಇಂಪೆಲ್ಲರಿನ ದಂಡಕ್ಕೆ ಸುತ್ತಿಕೊಂಡಿದ್ದರೆ ಅದನ್ನು ಕತ್ತರಿಸಿ, ಸುತ್ತಿದ ದಿಕ್ಕಿಗೆ ಎದುರಾಗಿ ಬಿಚ್ಚಬೇಕು. ಎಂಜಿನ್ ಚಾಲೂ ಇರುವಾಗ ಜಾಲರಿಗಾಗಲಿ ನಾಝಲಿಗಾಗಲಿ ಕೈ ಹಾಕುವಂತಿಲ್ಲ. ಉದ್ದ ಕೂದಲು ಮತ್ತು ಸಡಿಲ ಬಟ್ಟೆಗೂ ಇದು ಅನ್ವಯಿಸುತ್ತದೆ.

ಜಾಲರಿ ಸ್ವಚ್ಛವಿದ್ದೂ ತೊಂದರೆ ಉಳಿದರೆ ಇಂಪೆಲ್ಲರನ್ನು ನೋಡಬೇಕು. ಆಳವಿಲ್ಲದ ನೀರಿನಲ್ಲಿ ಮರಳು, ನುಣುಪುಗಲ್ಲುಗಳು ಒಳಸೇರಿ ಅಲಗಿನ ಅಂಚನ್ನು ಮೊಂಡು ಮಾಡುತ್ತವೆ. ಇಂಪೆಲ್ಲರಿಗೂ ಅದನ್ನು ಸುತ್ತುವರಿದ ಬಳೆಗೂ ನಡುವಿನ ಸಂದು ಸವೆದು ಅಗಲವಾದರೆ ನೀರು ಹಿಂದಕ್ಕೆ ಜಾರುತ್ತದೆ, ಧಾರೆ ತೆಳುವಾಗುತ್ತದೆ. ಪಂಪು ನೀರಿನೊಡನೆ ಗಾಳಿಯನ್ನು ಹೀರಿದರೂ ಇದೇ ಲಕ್ಷಣ. ಎತ್ತರದ ಅಲೆಗಳಲ್ಲಿ ತಳ ನೀರಿನಿಂದ ಮೇಲೇಳುವುದು, ಜಾಲರಿಯ ಮುಂದಿನ ತಳಭಾಗ ಜಜ್ಜಿರುವುದು, ಪಂಪು ತಳಕ್ಕೆ ಕೂಡುವ ಜಾಗದ ಅಂಟು ಬಿಟ್ಟಿರುವುದು ಇದಕ್ಕೆ ಕಾರಣಗಳು.

ಕೇಬಲ್, ಕೀಲು ಮತ್ತು ಎಣ್ಣೆ

ಚಿಕ್ಕ ದೋಣಿಗಳಲ್ಲಿ ಚಕ್ರದಿಂದ ನಾಝಲಿನವರೆಗೆ ತಳ್ಳಿ ಎಳೆಯುವ ಕೇಬಲ್ ಇರುತ್ತದೆ. ಚಕ್ರ ಬಿಗಿಯಾಗಿದ್ದರೆ ಕೇಬಲಿನ ಹಿಂತುದಿಯನ್ನು ನಾಝಲಿನಿಂದ ಬಿಡಿಸಿ, ನಾಝಲನ್ನು ಕೈಯಿಂದ ಹೊರಳಿಸಬೇಕು. ಅದು ಸರಾಗವಾಗಿ ಹೊರಳಿದರೆ ಕೇಬಲ್ ಅಥವಾ ಚಕ್ರದ ಗೇರುಪೆಟ್ಟಿಗೆ ಕೆಟ್ಟಿದೆ. ಕೈಗೂ ಬಿಗಿಯಾದರೆ ಕೀಲಿನ ಬುಶ್‌ಗಳಲ್ಲಿ ಉಪ್ಪು, ಮರಳು ಕೂತಿದೆ. ಬಿಚ್ಚಿ ತೊಳೆದು ನೀರಿಗೆ ಕರಗದ ಗ್ರೀಸ್ ಹಾಕಬೇಕು. ಒಳಗೆ ತುಕ್ಕು ಹಿಡಿದ ಕೇಬಲಿಗೆ ಎಣ್ಣೆ ಬಿಟ್ಟು ನಾಲ್ಕು ದಿನ ತಳ್ಳಬಹುದು, ಆದರೆ ಅದನ್ನು ದುರಸ್ತಿಯೆನ್ನಲಾಗದು. ಹೊಸತನ್ನೇ ಹಾಕಬೇಕು, ಚೂಪಾದ ತಿರುವುಗಳಿಲ್ಲದಂತೆ ಎಳೆಯಬೇಕು.

ಚಕ್ರ ಸಡಿಲವಾಗಿ ಆಡುತ್ತಿದ್ದರೆ ಕೊಂಡಿಯ ಗುಂಡು ಕೀಲು, ಕೇಬಲ್ ಹಿಡಿಕೆಯ ಬೋಲ್ಟುಗಳು, ಬುಶ್‌ಗಳು ಸವೆದಿವೆಯೇ ಎಂದು ಒಂದೊಂದಾಗಿ ಕೈಯಲ್ಲಿ ಅಲುಗಿಸಿ ನೋಡಬೇಕು. ದೊಡ್ಡ ದೋಣಿಗಳ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಚಕ್ರ ಮೆತ್ತಗೆ ಸ್ಪಂಜಿನಂತೆ ಅನ್ನಿಸಿದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರ್ಥ. ಎಣ್ಣೆಯ ಮಟ್ಟ ಇಳಿದಿದ್ದರೆ ಮೊದಲು ಸೋರುವ ಜಾಗ ಕಂಡುಹಿಡಿದು ಸರಿಪಡಿಸಿ, ಆಮೇಲೆ ಎಣ್ಣೆ ತುಂಬಿ ಗಾಳಿ ತೆಗೆಯಬೇಕು.

ದೋಣಿ ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ, ಚಕ್ರ ನಡುವೆ ಇರುವಾಗ ನಾಝಲೂ ನಡುವೆ ಇದೆಯೇ ಎಂದು ಅಳೆದು ಕೇಬಲಿನ ತುದಿಯನ್ನು ಸರಿಹೊಂದಿಸಿದರೆ ಸಾಮಾನ್ಯವಾಗಿ ಸಾಕು. ಅದಕ್ಕೂ ಮೊದಲು ಜನರೆಲ್ಲ ಒಂದೇ ಬದಿಗೆ ಕೂತಿದ್ದಾರೆಯೇ ಎಂದು ನೋಡುವುದು ಒಳ್ಳೆಯದು.

ನೀರಿನ ನಡುವೆ ಚುಕ್ಕಾಣಿ ತಪ್ಪಿದಾಗ

ಚಕ್ರ ಯಾವ ತಡೆಯೂ ಇಲ್ಲದೆ ಗಿರ್ರನೆ ತಿರುಗಿದರೆ ಕೇಬಲ್ ತುಂಡಾಗಿರಬಹುದು. ಥ್ರಾಟಲಿನಿಂದ ತಿರುಗಿಸುವ ನಿಯಮ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಧಾರೆ ಇದ್ದರೂ ಅದನ್ನು ಓರೆ ಮಾಡುವ ಉಪಾಯವಿಲ್ಲ. ಥ್ರಾಟಲ್ ಇಳಿಸಿ, ಬಕೆಟನ್ನು ಕೆಳಕ್ಕೆ ಬಿಟ್ಟು ಹಿಮ್ಮುಖ ಧಾರೆಯಿಂದ ವೇಗ ಕೊಲ್ಲಬೇಕು, ಕುಳಿತವರಿಗೆ ಹಿಡಿದುಕೊಳ್ಳುವಂತೆ ಕೂಗಿ ಹೇಳಬೇಕು. ಎರಡು ಜೆಟ್‌ಗಳಿರುವ ದೋಣಿಯಾದರೆ ಒಂದು ಎಂಜಿನ್ನಿನ ವೇಗ ಏರಿಸಿ ಇನ್ನೊಂದರದ್ದನ್ನು ಇಳಿಸಿ ದಡದ ಕಡೆಗೆ ತಿರುಗಿಸಬಹುದು. ಒಂದೇ ಜೆಟ್ ಇದ್ದರೆ ಲಂಗರು ಇಳಿಸಿ, ಎಂಜಿನ್ ನಿಲ್ಲಿಸಿ, ಹುಟ್ಟಿನಿಂದ ದಡ ಸೇರಬೇಕು, ಅಥವಾ ನೆರವಿಗೆ ಕಾಯಬೇಕು. ಈ ಕಾರಣದಿಂದ ಲಂಗರು, ಹಗ್ಗ, ಒಂದು ಜೊತೆ ಹುಟ್ಟು ಮತ್ತು ಎಲ್ಲರಿಗೂ ತೇಲುವ ಅಂಗಿ ಇಲ್ಲದೆ ಜೆಟ್ ದೋಣಿಯನ್ನು ನೀರಿಗಿಳಿಸಬಾರದು.